ಮೂರನೆಯ ಊಟ

ಬುಧವಾರ, ಮಧ್ಯಾಹ್ನ

ಮಗಳ ಅಪ್ಪನಿಗೆ, ನಮಸ್ಕಾರಗಳು.

ಇವತ್ತು ನನಗೆ ಉಪವಾಸ. ನಸುಕಿನಲ್ಲೇ ಎದ್ದು ಕೋಣೆ ಗುಡಿಸಿ, ಮಿಂದು, ಮಗಳ ಬಟ್ಟೆ ಒಗೆದು ಕುರ್ಚಿಯ ಮೇಲೆ ಹರವಿದೆ. ಈ ಊರಿನ ಗಾಳಿಗೆ ಬಟ್ಟೆ ಒಣಗಿದರೂ ಅಂಟಂಟು. ದೇವರ ಮುಂದೆ ಕೂತರೆ ಒಂದು ಶ್ಲೋಕವೂ ಪೂರ್ತಿ ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ನಿಮಗೆ ಒಂದಕ್ಷರ ಬರೆಯದವಳು ಈಗ ಬರೆಯುತ್ತಿದ್ದೇನೆ ಅಂದರೆ, ಹೆದರಿದ್ದೇನೆ ಅಂತಲೇ ತಿಳಿಯಿರಿ.

ಮಗಳಿಗೆ ಇಲ್ಲಿಯ ಹಳೇ ಕೋಟೆಯಲ್ಲಿ, ನೋಡಲು ಬಂದವರನ್ನು ಸುತ್ತಾಡಿಸಿ ಅದರ ಕಥೆ ಹೇಳುವ ಕೆಲಸ ಸಿಗುವ ಹಾಗಿದೆ. ಶುಕ್ರವಾರದವರೆಗೆ ಪರೀಕ್ಷೆ. ಜೊತೆಗೆ ನಾನು ಬಂದೆ. ಬಂದಿಳಿದ ದಿನ ಲಾಡ್ಜಿನಿಂದ ಲಾಡ್ಜಿಗೆ ಅಲೆದೆವು. ಎಲ್ಲೆಲ್ಲೂ ಒಂದೇ ಮಾತು, "ಜೊತೆಗೆ ಗಂಡಸರು ಯಾರೂ ಇಲ್ವಾ? ಹಾಗಾದ್ರೆ ರೂಮಿಲ್ಲಮ್ಮ." ಕೊನೆಗೆ ಬಂದರಿನ ಹಿಂದಿನ ಗಲ್ಲಿಯ ಈ ಲಾಡ್ಜಿನಲ್ಲಿ, ಯಜಮಾನರು ಮುಂದಿನ ಬಸ್ಸಿಗೆ ಬರುತ್ತಾರೆ ಅಂದುಬಿಟ್ಟೆ. ಮಾರನೇ ದಿನ ಮ್ಯಾನೇಜರು ಕೇಳಿದಾಗ, ರಾತ್ರಿಯೇ ಬಂದರು, ಜ್ವರ, ಮಲಗಿದ್ದಾರೆ ಅಂದೆ. ದೇವರು ಕ್ಷಮಿಸಲಿ. ನೀವು ಬಿಟ್ಟುಹೋದ ಚಪ್ಪಲಿ ನನ್ನ ಚೀಲದಲ್ಲಿತ್ತು. ಯಾಕಿತ್ತು ಅಂತ ಕೇಳಬೇಡಿ. ಅದನ್ನು ಬಾಗಿಲ ಹೊರಗಿಟ್ಟೆ.

ನಮ್ಮ ಹಿಂದಿನ ಕಿಟಕಿಯ ಕೆಳಗೇ ಒಂದು ಊಟದ ಮನೆ. ನಡೆಸುವಾಕೆ ಒಳ್ಳೆಯವರು. ಕ್ಯಾರಿಯರ್ ಹಗ್ಗಕ್ಕೆ ಕಟ್ಟಿದರೆ ನಾನು ಮೇಲಕ್ಕೆ ಎಳೆದುಕೊಳ್ಳುತ್ತೇನೆ. ದಿನಾ ಮೂರು ಊಟ ಹೇಳುತ್ತಿದ್ದೆ. ಮೂರನೆಯದನ್ನು ಅನ್ನ ಚೆಲ್ಲಬಾರದು ಅಂತ ನಾವಿಬ್ಬರೇ ಕಷ್ಟಪಟ್ಟು ತಿಂದು ಮುಗಿಸುತ್ತಿದ್ದೆವು. ಇವತ್ತು ಬೆಳಿಗ್ಗೆ ಆಕೆ ಕೆಳಗಿನಿಂದ "ಎಷ್ಟು ಊಟ ಅಕ್ಕಾ?" ಅಂದರು. ಉಪವಾಸದ ಗುಂಗಿನಲ್ಲಿ "ಒಂದೇ ಸಾಕು, ಮಗಳಿಗೆ. ನನಗೆ ಉಪವಾಸ" ಅಂತ ಕೂಗಿಬಿಟ್ಟೆ. "ಮತ್ತೆ ಯಜಮಾನ್ರಿಗೆ?" ಅಂದರು. ಅಲ್ಲೇ ಟೀ ಕುಡಿಯುತ್ತಿದ್ದ ಮ್ಯಾನೇಜರು ತಲೆಯೆತ್ತಿ ನೋಡಿ, "ಅವರಿಗೂ ಉಪವಾಸ ಮಾಡಿಸ್ತೀರಾ ಅಮ್ಮ, ಪಾಪ, ಜ್ವರದವರು!" ಅಂತ ನಕ್ಕ.

ಮಗಳನ್ನು ಕೋಟೆಗೆ ಕಳಿಸಿ, ನಲ್ಲಿಯಿಂದ ನೀರು ತಂದು ನೋಡುತ್ತೇನೆ, ಬೀದಿಯ ಕಡೆ ಮುಖವಾಗಿ ಇಟ್ಟಿದ್ದ ಚಪ್ಪಲಿ ಬಾಗಿಲ ಕಡೆ ತಿರುಗಿದೆ. ಮುಟ್ಟಿದರೆ ಒಳಗೆ ಬೆಚ್ಚಗಿತ್ತು. ಯಾರೋ ಅದನ್ನು ಮೆಟ್ಟಿಕೊಂಡು ನಮ್ಮ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ. ಆಗಿನಿಂದ ಚಿಲಕ ಹಾಕಿ, ಮಂಚ ಎಳೆದು ಅಡ್ಡ ಇಟ್ಟು ಕೂತಿದ್ದೇನೆ. ಇಳಿದು ಹೋಗೋಣ ಅಂದರೆ ಮೆಟ್ಟಿಲಿನ ಬುಡದಲ್ಲೇ ಆ ಮ್ಯಾನೇಜರನ ಮೇಜು. ಮಗಳಿಗೆ ಹೇಳಿದರೆ ಪರೀಕ್ಷೆ ಬಿಟ್ಟು ಹೊರಡುತ್ತಾಳೆ. ಅವಳದು ಗೊತ್ತಲ್ಲ, ನಿಮ್ಮದೇ ಹಠ, ಆದರೆ ಅಮ್ಮ ಅಂದರೆ ಜೀವ.

ಜಗಳ ಆಮೇಲೆ ಆಡೋಣ. ಎರಡು ದಿನದ ಮಟ್ಟಿಗೆ ಬಂದು ಈ ಬಾಗಿಲಲ್ಲಿ ಗಂಡಸಾಗಿ ನಿಲ್ಲಿ, ಸಾಕು. ಊಟದ ಮನೆಯಾಕೆಯ ತಮ್ಮ ನಿಮ್ಮೂರ ಬಸ್ಸಿನ ಡ್ರೈವರು. ಅವರ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಬರಲಾಗದಿದ್ದರೆ ಅವರ ಕೈಲೇ ಉತ್ತರ ಕೊಡಿ. ಲಾಡ್ಜಿಗೆ ಮಾತ್ರ ಬರೆಯಬೇಡಿ. ಊಟದ ಮನೆಯಾಕೆಯನ್ನೇ, ಬಸ್‌ಸ್ಟ್ಯಾಂಡಿಗೆ ಹೋಗಿ ಉತ್ತರ ತಂದುಕೊಡಿ ಅಂತ ಬೇಡಿಕೊಂಡಿದ್ದೇನೆ.

ಇಂತಿ,
ನಿಮ್ಮ ಮಗಳ ತಾಯಿ

ಮರೆತ ಮಾತಲ್ಲ, ಈಗ ನಡೆಯುತ್ತಿರುವುದು: ಮ್ಯಾನೇಜರು ಬಾಗಿಲು ತಟ್ಟುತ್ತಿದ್ದಾನೆ. "ಅಮ್ಮಾ, ನಿಮ್ಮ ಯಜಮಾನ್ರು ಬಂದಿದ್ದಾರೆ. ಒಳಗೊಬ್ಬರು, ಹೊರಗೊಬ್ಬರು, ಯಾರಮ್ಮ ನಿಜ?" ಅನ್ನುತ್ತಾನೆ. ಮಗಳೇ ನಿಮಗೆ ಬರೆದು ಕರೆಸಿದಳೇನೋ ಅಂತ ಹೋದ ಜೀವ ಬಂದ ಹಾಗಾಯಿತು. ಮಂಚ ಸರಿಸಿ ಚಿಲಕಕ್ಕೆ ಕೈ ಹಾಕಿದೆ. ಆಗ ಹೊರಗಿನವನು ಲಾಡ್ಜಿನ ಪುಸ್ತಕದಲ್ಲಿ ಬರೆಸಿದ ನನ್ನ ಹೆಸರು ಹಿಡಿದು ಕರೆದ. ಮದುವೆಯಾದ ದಿನದಿಂದ ನೀವು ನನ್ನನ್ನು "ಇವಳೇ" ಅಂತಲ್ಲದೆ ಹೆಸರು ಹಿಡಿದು ಒಮ್ಮೆಯೂ ಕರೆದವರಲ್ಲ. ಮಂಚವನ್ನು ಮತ್ತೆ ಅಡ್ಡ ಎಳೆದಿದ್ದೇನೆ. ಕಿಟಕಿಯಿಂದ ಊಟದ ಮನೆಯಾಕೆಗೆ, "ಮಗಳು ಬಂದರೆ ಮೇಲೆ ಬಿಡಬೇಡಿ, ನಿಮ್ಮ ಅಡುಗೆಮನೆಯಲ್ಲೇ ಕೂರಿಸಿಕೊಳ್ಳಿ" ಅಂತ ಕೂಗಿ ಹೇಳಿ, ಕಾಗದವನ್ನು ಕ್ಯಾರಿಯರಿನಲ್ಲಿಟ್ಟು ಇಳಿಸುತ್ತಿದ್ದೇನೆ. ಬೇಗ ಬನ್ನಿ. ಬಂದು, ಹೆಸರು ಹಿಡಿಯದೆ ಕರೆಯಿರಿ.