ಇಲ್ಲದ ತಪ್ಪು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಮೊದಲು ಪೊಲೀಸರ ಓಡಾಟ, ಆಮೇಲೆ ಕೋರ್ಟಿನ ಓಡಾಟ. ಬಿಡುವು ಸಿಕ್ಕಾಗ ಬರೆಯಲು ಕೈ ಏಳಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ನಿನ್ನ ಹಡಗಿನ ಎಂಜಿನ್ ಸದ್ದಿನ ನಡುವೆ ಕಿರುಚಿ ಹೇಳುವಂಥ ಮಾತಲ್ಲ ಇದು. ಹೆಬ್ಬೆರಳಿನ ಗಾಯ ಮಾಗಿತೇ? ಎಣ್ಣೆ ಮೆತ್ತಿದ ಕೈಯಲ್ಲೇ ಪಟ್ಟಿ ಬಿಚ್ಚಿ ನೋಡುವವನು ನೀನು, ನನಗೆ ಗೊತ್ತಿಲ್ಲವೇ.

ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕನ್ನಡಕದ ಅಂಗಡಿಯ ಯಜಮಾನರು ದೊಡ್ಡ ಮನಸ್ಸಿನವರು. "ನಿಮ್ಮ ಕುರ್ಚಿ ಹಾಗೇ ಇದೆ, ಯಾವಾಗ ಬೇಕಾದ್ರೂ ಬನ್ನಿ" ಅಂದರು. ಮನೆ ಬದಲಾಯಿಸಿದೆ. ಹಳೆಯ ಮನೆಯ ಅಡುಗೆಕೋಣೆಗೆ ಕಾಲಿಡುವುದು ಆಗಲಿಲ್ಲ. ಈಗಿನದು ಒಂದೇ ಕೋಣೆ, ಕೆಳಗೆ ಲಾಂಡ್ರಿ. ನಾನು ಒಗೆದರೂ ಒಗೆಯದಿದ್ದರೂ ನನ್ನ ಬಟ್ಟೆಗೆಲ್ಲ ಸೋಪಿನ ವಾಸನೆ.

ನಿನ್ನ ಅಪ್ಪನ ಬೆನ್ನಿಗೆ ಹುಟ್ಟಿದ ಚಿಕ್ಕಪ್ಪ ಹೋದದ್ದು ನಿನಗೆ ಗೊತ್ತು, ಯಾರ ಕೈಯಿಂದ ಎಂಬುದೂ ಗೊತ್ತು. ಪಕ್ಕದ ಮನೆಯ ನರ್ಸಮ್ಮ ನಿನಗೆ ತಿಳಿಸಿದ್ದು ಅಷ್ಟೇ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಬೇಡ. ಮೊದಲಿನಿಂದ ಹೇಳುತ್ತೇನೆ, ಸಮಾಧಾನವಾಗಿ ಓದು.

ನನ್ನ ಮನೆಯವರಿಗೆ ಮೇಷ್ಟ್ರು ಎಂದು ಹೆಸರಿಟ್ಟವನು ನೀನೇ. ನಿನ್ನ ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಾನು ಅವರನ್ನು ಮದುವೆಯಾದೆ. ಮನೆಗೆ ಬಂದ ಮೊದಲ ವಾರವೇ ನಿನ್ನ ರಜೆ ಅರ್ಜಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕೈಗಿಟ್ಟಿದ್ದರಲ್ಲ! ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವರದು. ಪುಸ್ತಕ ಅಚ್ಚಾಗುವ ಮೊದಲು ಒಂದೊಂದು ಅಕ್ಷರವನ್ನೂ ಓದಿ ತಪ್ಪು ಹುಡುಕುವುದು. ಊಟಕ್ಕೆ ಕೂತಾಗ ಹೇಳುತ್ತಿದ್ದರು, "ತಪ್ಪಿಲ್ಲದ ಪುಟ ಅಂತ ಇರಲ್ಲ. ತಪ್ಪು ಸಿಗಲಿಲ್ಲ ಅಂದ್ರೆ ನಾನು ಸರಿಯಾಗಿ ಓದಿಲ್ಲ ಅಂತ. ಮತ್ತೆ ಓದ್ಬೇಕು." ಅವರು ಎದ್ದು ಹೋದ ಮೇಲೆ ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಆ ಓದು ನನ್ನ ಮೇಲೆ ತಿರುಗೀತೆಂದು ಯಾರಿಗೆ ಗೊತ್ತಿತ್ತು?

ನೀನು ಹಡಗು ಹತ್ತಿದ ಮೇಲೆ ಅವರು ಸಂಜೆ ಸಂಜೆ ನಮ್ಮ ಅಂಗಡಿಯ ಎದುರಿನ ಬೆಂಚಿನಲ್ಲಿ ಬಂದು ಕೂರತೊಡಗಿದರು. ಕೌಂಟರಿನ ಹುಡುಗಿ, "ನೋಡಿ ಮೇಡಂ, ನಿಮ್ಮ ಕಾವಲುಗಾರರು ಬಂದ್ರು" ಎಂದು ಕಾಡಿಸುತ್ತಿದ್ದಳು. ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಹಿಗ್ಗಾಗುತ್ತಿತ್ತು. ನನಗಾಗಿ ಒಬ್ಬರು ಕಾದು ಕೂತು ಎಷ್ಟು ಕಾಲವಾಗಿತ್ತು!

ಒಂದು ಸಂಜೆ ದಾರಿಯಲ್ಲಿ ಕೇಳಿದರು: "ಗಿರಾಕಿಗಳ ಕಿವಿಗೆ ಕನ್ನಡಕ ಕೂರಿಸುವಾಗ ನೀನು ಉಸಿರು ಬಿಗಿಹಿಡೀತೀಯ. ಯಾಕೆ?"

"ಗಾಜಿಗೆ ಉಸಿರು ತಾಗಿ ಮಂಜಾಗಬಾರ್ದು ಅಂತ" ಎಂದೆ. ನಕ್ಕುಬಿಟ್ಟರು. ಮರುದಿನ ಅದನ್ನೇ ಕೇಳಿದರು. ಅದರ ಮರುದಿನವೂ. ಕೊನೆಗೆ ನಾನೇ ಯಜಮಾನರಿಗೆ ಹೇಳಿ ಒಳಗೆ ಗಾಜು ಉಜ್ಜುವ ಯಂತ್ರಕ್ಕೆ ಹೋದೆ. ಆಗ, "ಒಳಗೆ ಇನ್ಯಾರು ಇರ್ತಾರೆ? ಬಾಗಿಲು ಯಾಕೆ ಹಾಕಿರುತ್ತೆ?"

ನಿನ್ನ ಅಪ್ಪನ ಫೋಟೋದ ವಿಷಯವೂ ಹಾಗೇ. ಅದನ್ನು ತೆಗೆ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಅದರ ಮುಂದೆ ನಿಂತುಬಿಡುತ್ತಿದ್ದರು. "ಇವರು ಹಾಸಿಗೆಯ ಯಾವ ಕಡೆ ಮಲಗ್ತಿದ್ರು?" ಎಂದು ಕೇಳಿದ ದಿನ ನಾನೇ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಸಂಜೆ ಬಂದವರು ಖಾಲಿ ಗೋಡೆ ನೋಡಿ ಬಿಳಿಚಿಕೊಂಡರು. "ನಾನು ತೆಗಿ ಅಂದಿರಲಿಲ್ಲ. ಏನೂ ಇಲ್ಲದಿದ್ರೆ ಯಾಕೆ ಬಚ್ಚಿಟ್ಟೆ?" ಮತ್ತೆ ನೇತುಹಾಕಿದೆ. "ಬಿಟ್ಟಿರೋಕೆ ಆಗಲಿಲ್ಲ ಅಲ್ವಾ?" ಎಂದರು.

ಬಿಟ್ಟು ಬರಬಹುದಿತ್ತಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಮಗಾ, ಅವರು ಒಂದು ದಿನವೂ ನನ್ನ ಮೇಲೆ ಕೈ ಎತ್ತಲಿಲ್ಲ. ಗಟ್ಟಿಯಾಗಿ ಬೈದವರೂ ಅಲ್ಲ. ಕೇಳುತ್ತಿದ್ದರು, ಅಷ್ಟೇ. ಪ್ರಶ್ನೆಗೆ ಹೆದರಿ ಯಾರು ಮನೆ ಬಿಡುತ್ತಾರೆ? ಉತ್ತರ ಸರಿಯಾಗಿ ಹೇಳಿದರೆ ಮುಗಿಯುತ್ತದೆ ಎಂದೇ ಪ್ರತಿ ಸಲವೂ ಅನ್ನಿಸುತ್ತಿತ್ತು. ಒಂದೊಂದು ದಿನ ಅವರೇ ನನ್ನ ಮಡಿಲಲ್ಲಿ ತಲೆಯಿಟ್ಟು ಮಗುವಿನಂತೆ ಅಳುತ್ತಿದ್ದರು. "ನನಗೇ ಸಾಕಾಗಿದೆ ಕಣೇ. ತಲೆಯೊಳಗೆ ಯಾರೋ ಓದ್ತಾನೇ ಇರ್ತಾನೆ. ನಿಲ್ಸು ಅಂದ್ರೆ ನಿಲ್ಸಲ್ಲ." ಅಂಥ ಒಂದು ದಿನ ನೋಡಿಕೊಂಡು, ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಕಣ್ಣೊರೆಸಿಕೊಂಡು ಎದ್ದು ಕೂತರು. "ಯಾವ ಡಾಕ್ಟರು? ನಿನಗೆ ಹೇಗೆ ಪರಿಚಯ?"

ಇನ್ನು ನಿನ್ನ ಚಿಕ್ಕಪ್ಪ. ಅವನು ಎಂಥವನೆಂದು ನಿನಗೆ ನಾನು ಹೇಳಬೇಕೇ? ಯಾರ ಮನೆಗೆ ಹೋದರೂ ಮೊದಲು ಬಾಗಿಲ ಕೀಲು ಕಿರುಗುಟ್ಟುತ್ತದೆಯೇ ಎಂದು ನೋಡುವ ಬಡಗಿ. "ಅತ್ತಿಗೆ, ಟೀ ಆಮೇಲೆ ಕೊಡಿ, ಮೊದಲು ಈ ಬಾಗಿಲ ಅಳು ನಿಲ್ಸ್ತೀನಿ" ಅನ್ನುತ್ತಿದ್ದ. ಅವನ ನಗು ಮಾತ್ರ ಥೇಟ್ ನಿನ್ನ ಅಪ್ಪನದು. ಗಂಟಲಲ್ಲಿ ಸಿಕ್ಕಿಕೊಂಡು ಆಮೇಲೆ ಒಮ್ಮೆಗೇ ಬಿಡುಗಡೆಯಾಗುವಂಥದ್ದು. ಪಕ್ಕದ ಕೋಣೆಯಿಂದ ಆ ನಗು ಕೇಳಿಸಿದಾಗ ಒಂದು ಕ್ಷಣ ನನ್ನ ಮುಖ ಅರಳುತ್ತಿದ್ದಿರಬೇಕು. ಸತ್ತವರ ದನಿ ಕಿವಿಗೆ ಬಿದ್ದರೆ ಯಾರ ಮುಖ ಅರಳುವುದಿಲ್ಲ? ಮೇಷ್ಟ್ರು ಅದನ್ನು ಕಂಡರು. ಕಂಡದ್ದು ಸುಳ್ಳಲ್ಲ. ಓದಿಕೊಂಡದ್ದು ಮಾತ್ರ ಬೇರೆ.

ಅಂದಿನಿಂದ ಅವರ ಪ್ರಶ್ನೆಗಳಿಗೆಲ್ಲ ಒಬ್ಬನೇ ಮನುಷ್ಯ ಸಿಕ್ಕ. ಚಿಕ್ಕಪ್ಪ ಬಂದು ಹೋದ ಮೇಲೆ ಕುರ್ಚಿಯ ದಿಂಬು ಮುಟ್ಟಿ ನೋಡುವರು. ಅವನು ಕುಡಿದ ಲೋಟ ನಾನು ತೊಳೆದರೆ "ಇಷ್ಟು ಬೇಗ ಯಾಕೆ?", ತೊಳೆಯದಿದ್ದರೆ "ಹಾಗೇ ಇಟ್ಕೊಂಡಿದ್ದೀಯಲ್ಲ". ನಾನು ಸೋತೆ. ಒಂದು ಮಧ್ಯಾಹ್ನ ಚಿಕ್ಕಪ್ಪನ ಮರದ ಅಂಗಡಿಗೇ ಹೋಗಿ, "ಇನ್ನು ಸ್ವಲ್ಪ ಕಾಲ ಮನೆ ಕಡೆ ಬರಬೇಡಪ್ಪ, ಅವರಿಗೆ ಆಗಿಬರ್ತಾ ಇಲ್ಲ" ಎಂದೆ. ಅವನು ರಂಧ್ರ ಕೊರೆಯುತ್ತಿದ್ದವನು ಕೈ ನಿಲ್ಲಿಸಿದ. "ಸರಿ ಅತ್ತಿಗೆ. ಅಡುಗೆಮನೆ ಬೀರುವಿನ ಬಾಗಿಲು ಅರ್ಧ ಆಗಿದೆ. ಅದೊಂದು ಮುಗಿಸಿ, ಅಣ್ಣನಿಗೂ ಒಂದು ಮಾತು ಹೇಳಿ ಹೋಗ್ತೀನಿ. ಹೇಳದೆ ಕೇಳದೆ ಬರೋದು ನಿಲ್ಸಿದ್ರೆ ಅವರಿಗೇ ಬೇಜಾರಾಗುತ್ತೆ." ಮೇಷ್ಟ್ರನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದ.

ಬಂದ. ಬೆಳಗಿನ ಬಿಸಿಲು ಅಡುಗೆಮನೆ ತುಂಬ ಇತ್ತು. ಬೀರುವಿನ ಮುಂದೆ ಮೊಣಕಾಲೂರಿ ಕೂತು ಕೆಲಸ ಮುಗಿಸಿದ, ಸಲಕರಣೆಗಳನ್ನು ನೆಲದ ಮೇಲೆ ಹರಡಿಕೊಂಡೇ ಹೇಳಿದ: "ಅಣ್ಣ, ಇನ್ನು ನಾನು ಬರೋದು ಕಡಿಮೆ. ಏನಾದ್ರೂ ಬೇಕಾದ್ರೆ ಹೇಳಿಕಳಿಸಿ." ನನ್ನ ಕಣ್ಣು ತುಂಬಿತು. ನಿನ್ನ ಅಪ್ಪನ ಕಡೆಯವರೆಂದು ಉಳಿದಿದ್ದವನು ಅವನೊಬ್ಬ. ಕಣ್ಣೀರು ಕಾಣಬಾರದೆಂದು ಬಟ್ಟೆ ತರುವ ನೆಪದಲ್ಲಿ ಮಹಡಿಗೆ ಹೋದೆ.

ಮೇಲಿನಿಂದಲೇ ಮೇಷ್ಟ್ರ ಮಾತು ಕೇಳಿಸಿತು. ಶಾಂತವಾಗಿಯೇ ಕೇಳುತ್ತಿದ್ದರು, "ಏನೂ ಇಲ್ಲದವರು ಬಿಟ್ಟು ಹೋಗೋದು ಯಾಕೆ?" ಚಿಕ್ಕಪ್ಪ ತಮಾಷೆಯೆಂದುಕೊಂಡು ನಕ್ಕ. ಆ ನಗು ನಡುವೆಯೇ ನಿಂತಿತು.

ನಾನು ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಪ್ಪನದೇ ಸುತ್ತಿಗೆ. ಅದಕ್ಕಿಂತ ಹೆಚ್ಚು ಬರೆಯಲಾರೆ. ಮೇಷ್ಟ್ರು ಓಡಿಹೋಗಲಿಲ್ಲ. ನನಗೊಂದು ಕುರ್ಚಿ ಎಳೆದು ಕೊಟ್ಟರು. ಎಷ್ಟೋ ದಿನಗಳ ಮೇಲೆ ಅವರ ಮುಖ ಹಗುರಾಗಿತ್ತು. "ಕೂತ್ಕೋ" ಎಂದರು. "ಈಗ ಹೇಳು. ಇನ್ನು ನೀನು ಯಾರನ್ನೂ ಕಾಪಾಡಬೇಕಾಗಿಲ್ಲ."

"ಹೇಳೋಕೆ ಏನೂ ಇಲ್ಲ" ಎಂದೆ. ನೋಡುತ್ತಿದ್ದಂತೆ ಆ ಮುಖ ಮತ್ತೆ ಬಿಗಿಯಿತು. ಅಂದು ನನಗೆ ನಿಜವಾದ ಹೆದರಿಕೆಯಾದದ್ದು ಆಗ. ನರ್ಸಮ್ಮ ಬಾಗಿಲು ಬಡಿಯದಿದ್ದರೆ ಇವತ್ತು ಈ ಕಾಗದ ಬರೆಯುವವರು ಯಾರೂ ಇರುತ್ತಿರಲಿಲ್ಲ.

ಜೈಲಿಗೆ ಒಂದೇ ಸಲ ಹೋದೆ. ಯಾಕೆ ಹೋದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಸಲವಾದರೂ ‘ತಪ್ಪಾಯಿತು’ ಅಂದಾರು ಅನ್ನಿಸಿತ್ತು. ಜಾಲರಿಯ ಆಚೆ ಕೂತವರು ತುಂಬ ಇಳಿದುಹೋಗಿದ್ದರು. ನನ್ನ ಬೆನ್ನ ಹಿಂದೆ ಕಣ್ಣಾಡಿಸಿ ಕೇಳಿದರು: "ಯಾರ ಜೊತೆ ಬಂದೆ?" ಎದ್ದು ಬಂದುಬಿಟ್ಟೆ. ಒಂದು ಜೀವ ತೆಗೆದರೂ ಅವರ ತಲೆಯೊಳಗಿನ ಆ ಓದು ನಿಂತಿಲ್ಲ, ಮಗಾ. ಮನುಷ್ಯರು ಮುಗಿದರೂ ಅದು ಮುಗಿಯುವಂಥದ್ದಲ್ಲ.

ಚಿಕ್ಕಪ್ಪನ ಅಂಗಡಿಯನ್ನು ಅವನ ಜೊತೆಗಾರ ನೋಡಿಕೊಳ್ಳುತ್ತಿದ್ದಾನೆ. ಚಿಕ್ಕಪ್ಪನ ಕೋಣೆಯಲ್ಲಿ ನಿನ್ನ ಮದುವೆಗೆಂದು ಅವನು ಅರ್ಧ ಮಾಡಿಟ್ಟ ಮಂಚ ಇದೆಯಂತೆ. ನೀನು ಬಂದು ನೋಡಿ ಹೇಳಿದರೆ ಜೊತೆಗಾರ ಮುಗಿಸಿಕೊಡುತ್ತಾನಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಪಾಳಿಯಾದ ಮೇಲೆ ನಿದ್ದೆಗೆಡಬೇಡ. ನೀನು ಎಲ್ಲಿದ್ದರೂ ಚೆನ್ನಾಗಿರು, ನೂರು ಕಾಲ ಬಾಳು. ನೀರಿನ ಮೇಲೂ ನೆಲದ ಮೇಲೂ ನಿನಗೆ ಒಳ್ಳೆಯದೇ ಆಗಲಿ.

ಇಂತು,
ನಿನ್ನ ಅಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನ ಕಾಗದದಲ್ಲಿ ಸಹಿಗೆ ಮೊದಲು ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ: ‘ಅಮ್ಮ, ಕೋಪ ಮಾಡ್ಕೋಬೇಡ. ಚಿಕ್ಕಪ್ಪನಿಗೂ ನಿನಗೂ ನಡುವೆ ನಿಜವಾಗಿ ಏನಾದರೂ ಇತ್ತಾ?’ ಪೊಲೀಸರು ಕೇಳಿದರು, ಇಲ್ಲ ಎಂದೆ. ವಕೀಲರು ಕೇಳಿದರು, ತುಂಬಿದ ಕೋರ್ಟಿನಲ್ಲಿ ತಲೆಯೆತ್ತಿ ಇಲ್ಲ ಎಂದೆ. ನಿನಗೆ ಹೇಳುವುದಿಲ್ಲ. ಸಿಟ್ಟಿನಿಂದಲ್ಲ, ಕಂದಾ. ಒಂದು ಸಲ ಹೇಳಿದರೆ ನೀನು ನನ್ನ ಮುಖ ನೋಡುತ್ತೀಯ, ನಿಜವೇ ಎಂದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹಾಗೆ ನೋಡುವುದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಹಡಗು ದಡ ಸೇರಿದ ಕೂಡಲೇ ಬಾ. ಆದರೆ ಅದನ್ನೇ ಕೇಳಬೇಕೆನ್ನಿಸಿದರೆ, ಮನೆಗೆ ಬರದೆ ಇನ್ನೊಂದು ಸಲ ಹಡಗು ಹತ್ತು.