ಇರುವಂತಿ ಕತ್ತು ವಾಲಿಸಿದಾಗ

ಹುಲಿಗೇರಿ ನೆರಳೂರು,
ಎರಡನೆಯ ಬೇಸಿಗೆಯ ಮೂರನೆಯ ವಾರ, ೨೨೬೮

ವರ್ಷಕ್ಕೆ ಒಂದೇ ಬೇಸಿಗೆಯಿರುವ ಕಾಲದ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಪಠ್ಯಪುಸ್ತಕಗಳಿಂದ ಕಲಿತವಳು. ಹೆಸರು ನೀಲಗಂಗಾ, ಇಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನೆರಳೂರು ಎಂದರೆ ಬಿಸಿಲು ತಡೆಯಲು ಮನೆ, ಬೀದಿ, ಬಾವಿಗಳ ಮೇಲೆಲ್ಲ ಬಟ್ಟೆ ಕಟ್ಟಿಕೊಂಡು ಬದುಕುವ ಊರು.

ನಮ್ಮಲ್ಲಿ ಆರು ತುಂಬಿದ ಮಕ್ಕಳನ್ನು ಹೊಳಪುಗನ್ನಡಿಯ ಮುಂದೆ ಕೂರಿಸುತ್ತಾರೆ. ಬುದ್ಧಿ ಅಳೆಯುವ ಯಂತ್ರವದು. ಅದು ಮಿನುಗಿದರೆ ಮಗುವನ್ನು ಆಳುವವರ ಕೆಲಸಕ್ಕೆಂದು ಎತ್ತರಮನೆಗೆ ಒಯ್ಯುತ್ತಾರೆ. ಅಲ್ಲಿಂದ ಯಾವ ಮಗುವೂ ಮರಳಿದ್ದಿಲ್ಲ. ನಿಮ್ಮ ಕಾಲದಲ್ಲಿ ಚುರುಕು ಮಕ್ಕಳ ಫೋಟೋಗಳನ್ನು ಬ್ಯಾನರಿಗೆ ಹಾಕಿ ಬೀದಿಯಲ್ಲಿ ನಿಲ್ಲಿಸುತ್ತಿದ್ದಿರಂತೆ. ಆ ಹುಚ್ಚೇ ಬೆಳೆದು ಇಲ್ಲಿಗೆ ಬಂತೆಂದು ನನಗೆ ನಿಮ್ಮ ಮೇಲೆ ಸಿಟ್ಟಿದೆ. ಮಕ್ಕಳನ್ನು ಉಳಿಸಿಕೊಳ್ಳಲೆಂದೇ ನಮ್ಮೂರಲ್ಲಿ ಮಂಕುಪಾಠ ಎಂಬ ಪದ್ಧತಿ ಹುಟ್ಟಿತು. ಕನ್ನಡಿ ಬರುವ ಮುಂಚೆ ಮನೆಯವರೇ ಮಗುವಿಗೆ ದಡ್ಡತನ ಕಲಿಸುತ್ತಾರೆ.

ಇರುವಂತಿ ನನ್ನ ತರಗತಿಯ ಹುಡುಗಿ. ಐದು ವರ್ಷದವಳಿದ್ದಾಗ ಶಾಲೆಯ ನೀರಿನ ಯಂತ್ರದ ಸದ್ದಿಗೆ ಕತ್ತು ವಾಲಿಸಿ, "ಅಕ್ಕೋರೇ, ಇದರ ಎಡಗಡಿ ಚಕ್ರ ಸವದೈತ್ರಿ" ಎಂದಿದ್ದಳು. ಬಿಚ್ಚಿ ನೋಡಿದರೆ ಸವೆದೇ ಇತ್ತು. ಆ ದಿನ ನನಗೆ ಸಂತೋಷವೂ ಹೌದು, ಭಯವೂ ಹೌದು. ಅವಳಜ್ಜಿ ಗುರಸಿದ್ದವ್ವನಿಗೆ ಇದ್ದದ್ದು ಈ ಮೊಮ್ಮಗಳೊಬ್ಬಳೇ. ಮುಂದೆ ಕೂರಿಸಿಕೊಂಡು ತಲೆ ಬಾಚುತ್ತ ದಿನವೂ ಹೇಳಿಕೊಟ್ಟಳು: "ಯಾರ ಏನ ಕೇಳಿದ್ರೂ ಗೊತ್ತಿಲ್ಲ ಅನ್ನವ್ವಾ. ಕತ್ತು ನೆಟ್ಟಗ ಇಟ್ಕೋ." ಅವಳಿಗೆ ಆರು ತುಂಬಿದಾಗ ಕನ್ನಡಿ ಮಿನುಗಲಿಲ್ಲ. ಬೀದಿಯವರೆಲ್ಲ ಬೆಲ್ಲ ಹಂಚಿದರು, ನಾನೂ ತಿಂದೆ.

ಈಗ ಅವಳಿಗೆ ಹತ್ತು. ಕನ್ನಡಿ ಒಂದು ಮಗುವನ್ನು ಎರಡನೆಯ ಸಲ ನೋಡುವುದಿಲ್ಲ, ಹಾಗಾಗಿ ಇನ್ನು ಹೆದರಿಕೆಯಿಲ್ಲ. ಮೊನ್ನೆ ಅದೇ ಯಂತ್ರ ಕೆಮ್ಮತೊಡಗಿದಾಗ ಅವಳನ್ನು ಕರೆದು, ಏನಾಗಿದೆ ಹೇಳು ಎಂದೆ. "ಗೊತ್ತಿಲ್ರಿ ಅಕ್ಕೋರೇ" ಎಂದಳು. ನಿನ್ನನ್ನು ಇನ್ಯಾರೂ ಒಯ್ಯುವುದಿಲ್ಲ ಮಗಳೇ ಎಂದು ಗಲ್ಲ ಹಿಡಿದು ಕೇಳಿಕೊಂಡೆ. ಅವಳು ಬಹಳ ಹೊತ್ತು ಯಂತ್ರವನ್ನೇ ನೋಡಿದಳು. ಕಣ್ಣು ತುಂಬಿ ಬಂತು. "ಖರೇನ ಗೊತ್ತಾಗವಲ್ದ್ರಿ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ನಿಮ್ಮಲ್ಲಿ ಇನ್ನೂ ಕನ್ನಡಿಯಿಲ್ಲ. ನಿಮ್ಮ ತರಗತಿಯಲ್ಲೊಂದು ಮಗು ಹಾಗೆ ಕತ್ತು ವಾಲಿಸಿದರೆ ಊರಿಗೆಲ್ಲ ಸಾರಬೇಡಿ, ವೇದಿಕೆ ಹತ್ತಿಸಬೇಡಿ. ಪಕ್ಕದಲ್ಲಿ ಕುಳಿತು, ಏನು ಕೇಳಿಸುತ್ತಿದೆ ಎಂದು ಕೇಳಿ. ಸಂಜೆ ಆ ಮಗುವನ್ನು ಮನೆಗೆ ಕಳಿಸಿಕೊಡಿ.

ನಮ್ಮ ಯಂತ್ರ ನಿನ್ನೆ ನಿಂತುಹೋಯಿತು. ಇದನ್ನು ಬರೆಯುವಾಗ ಕಿಟಕಿಯಾಚೆ ಎಲ್ಲರೂ ಕೊಡ ಹಿಡಿದು ಬಾವಿಯ ಸಾಲಿನಲ್ಲಿದ್ದಾರೆ. ಇರುವಂತಿಯೂ ನಿಂತಿದ್ದಾಳೆ, ಕತ್ತು ನೆಟ್ಟಗಿಟ್ಟುಕೊಂಡು.