ಒಲೆಯ ಪಕ್ಕದ ಜಗಲಿ

ಯೂನಿಯನ್ ಸಿಟಿ, ಅಮೆರಿಕಾ, ೧೯-೧೦-೮೬

ಅಕ್ಕನ ಪಾದಕ್ಕೆ ಚನ್ನವ್ವನ ಶರಣು.

ನಿನ್ನೆ ನಮ್ಮ ನೀಲಾ ಕಾಲೇಜಿನಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳ ಮುಂದೆ ಮಾತಾಡಿದಳು. ಯುರೋಪಿನಲ್ಲಿ ಆರೇಳು ಸಾವಿರ ವರ್ಷದ ಹಿಂದೆ ಒಕ್ಕಲುತನ ಮಾಡುತ್ತಿದ್ದವರ ಗುಡಿಯ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ತೋರಿಸಿದಳು. ಒಳಗೆ ಮಣ್ಣಿನ ಒಲೆ, ಪಕ್ಕದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಮಣ್ಣಿನ ದೇವಿಯರು.

ಮುದುಕ ಪ್ರೊಫೆಸರೊಬ್ಬ ಎದ್ದು, "ಒಲಿ ಇದ್ದಮ್ಯಾಲೆ ಇದು ಅಡಿಗಿಮನಿ, ಗುಡಿ ಹ್ಯಾಂಗಾತು?" ಎಂದನಂತೆ. ಅಳಿಯಂದಿರು ನನ್ನ ಕಿವಿಯಲ್ಲಿ ಹೇಳಿದರು. ಇವಳ ಇಷ್ಟು ವರ್ಷದ ಓದು ನೀರುಪಾಲಾಯಿತೆಂದುಕೊಂಡೆ. ಅವಳು ಮಾತ್ರ ನಗುತ್ತಾ, "ನಮ್ಮ ದೊಡ್ಡವ್ವನ ಅಡಿಗಿಮನ್ಯಾಗ ಒಲಿ ಬಾಜೂಕನ ಕಟ್ಟಿ ಮ್ಯಾಲೆ ದೇವ್ರದಾನ, ಆ ಕಟ್ಟಿಗೆ ಜಗಲಿ ಅಂತೀವಿ" ಎಂದು ಬೋರ್ಡಿನ ಮೇಲೆ ನಿನ್ನ ಒಲೆ, ಜಗಲಿ ಎಲ್ಲ ಬಿಡಿಸಿದಳು. ಆ ಮುದುಕನೇ "ಜಾಗ್ಲಿ, ಜಾಗ್ಲಿ" ಎನ್ನುತ್ತ ಬರೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. "ಯವ್ವಾ, ಯಾಕ ಅಳಾಕತ್ತಿ? ನಾ ಗೆದ್ದೀನಿ!" ಎಂದು ನೀಲಾ ನನ್ನನ್ನೇ ಬೈದಳು.

ಮೊಣಕಾಲು ನೋಯುತ್ತಿದೆ, ಇಲ್ಲಿಯ ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಆ ಪ್ರೊಫೆಸರುಗಳೆಲ್ಲ ನಿನ್ನ ಜಗಲಿಯ ಫೋಟೋ ಕೇಳಿದ್ದಾರೆ, ಬೇಗ ತೆಗೆಸಿ ಕಳಿಸು. ಮೊದಲು ಅದರ ಮೇಲಿಂದ ಉಪ್ಪಿನಕಾಯಿ ಭರಣಿ ಇಳಿಸು, ನಿನ್ನ ಪುಣ್ಯ!

ಚನ್ನವ್ವ